ಮೂರಕ್ಷರದವರಿಗೆ ಮುಖ ಕೊಡುವ ಕಷ್ಟ: ಟರ್ಕಿಯ ಯುವ ಪ್ರೇಕ್ಷಕರು, ಹಾರರ್ ಸಿನಿಮಾ ಮತ್ತು ಮೇಕಪ್

ಓದುಗರ ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸಿನಿಮಾ ಮೇಕಪ್ ಕಲಿಯುತ್ತಿರುವ ವಿದ್ಯಾರ್ಥಿನಿ. ಕಳೆದ ಬೇಸಿಗೆಯಲ್ಲಿ ಟರ್ಕಿಯ ಹತ್ತಾರು ಹಾರರ್ ಸಿನಿಮಾಗಳನ್ನು ನೋಡಿದೆ. ಮೇಕಪ್ ಹಲವು ಕಡೆ ತೀರಾ ಸಾಧಾರಣ ಎನಿಸಿತು. ಆದರೂ ಅಲ್ಲಿನ ಯುವಜನರು ಈ ಸಿನಿಮಾಗಳಿಗೆ ಮುಗಿಬೀಳುತ್ತಾರೆ, ಹೆದರಿದೆವು ಎಂದೂ ಹೇಳುತ್ತಾರೆ. ಹಾಗಾದರೆ ಅವರ ಭಯಕ್ಕೂ ಸ್ಪೆಷಲ್ ಎಫೆಕ್ಟ್ ಮೇಕಪ್ಪಿಗೂ ಸಂಬಂಧವಿಲ್ಲವೇ? ಇಸ್ತಾಂಬುಲ್‌ನ ಕೆಲವು ವಿದ್ಯಾರ್ಥಿಗಳಿಗೆ ಒಂದು ಪ್ರಶ್ನಾವಳಿ ಕಳಿಸಬೇಕೆಂದಿದ್ದೇನೆ. ಅದರಲ್ಲಿ ಏನು ಕೇಳಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿರುವ ‘ಸಾಧಾರಣ’ ಎಂಬ ಮಾತಿನಿಂದಲೇ ಆರಂಭಿಸುತ್ತೇನೆ. ಮೇಕಪ್ಪನ್ನು ಕಸುಬಾಗಿ ಕಲಿಯುತ್ತಿರುವವರ ಕಣ್ಣು ಮೊದಲು ಅಂಚನ್ನು ಹುಡುಕುತ್ತದೆ. ಅಂಟಿಸಿದ ತುಣುಕು ಚರ್ಮಕ್ಕೆ ಎಲ್ಲಿ ಸೇರಿತು, ಬಣ್ಣ ಎಲ್ಲಿ ಚಪ್ಪಟೆಯಾಯಿತು, ಹಲ್ಲಿನ ಮೇಲೆ ಕೂರಿಸಿದ ಹೊದಿಕೆಯಿಂದಾಗಿ ತುಟಿ ಎಲ್ಲಿ ಉಬ್ಬಿತು ಎಂದು ನೋಡುತ್ತದೆ. ಟರ್ಕಿಯಲ್ಲಿ ಇಪ್ಪತ್ತರ ಆಸುಪಾಸಿನ ಪ್ರೇಕ್ಷಕರಿಗೂ ಈ ಕಣ್ಣಿದೆ, ಬಹಳ ಚುರುಕಾಗಿಯೇ ಇದೆ. ಆದರೆ ತೆರೆಯ ಮೇಲಿರುವುದು ಹೊರಗಿನ ಸರಕು ಎನಿಸಿದಾಗ ಮಾತ್ರ ಅವರು ಅದನ್ನು ಬಳಸುತ್ತಾರೆ. ಅಜ್ಜಿ ಹೆಸರೆತ್ತದೆ ಸೂಚಿಸುತ್ತಿದ್ದ ಆ ಜೀವವೇ ತೆರೆಗೆ ಬಂದಿದೆ ಎಂದು ಒಮ್ಮೆ ಅನಿಸಿತೆಂದರೆ ಅಂಚು ಹುಡುಕುವ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಮೇಕಪ್ ಎಷ್ಟು ಚೆನ್ನಾಗಿದೆ ಎಂಬುದಕ್ಕಿಂತ ಅದು ಯಾವುದಕ್ಕೆ ರೂಪ ಕೊಡಲು ಹೊರಟಿದೆ ಎಂಬುದರ ಮೇಲೆ ಅವರ ತೀರ್ಪು ನಿಂತಿರುತ್ತದೆ ಎಂಬುದು, ಇಸ್ತಾಂಬುಲ್‌ಗೆ ಹಲವು ಸಲ ಹೋಗಿ, ಅಲ್ಲಿನ ಕಸುಬಿನವರ ಜೊತೆ ಕೆಲಸ ಮಾಡಿ, ಅಲ್ಲಿನ ಹುಡುಗ ಹುಡುಗಿಯರ ಪಕ್ಕದಲ್ಲಿ ಕೂತು ಸಿನಿಮಾ ನೋಡಿದ ಮೇಲೆ ನನಗೆ ಬಂದಿರುವ ಅಭಿಪ್ರಾಯ.

ಹೆಸರೆತ್ತದಿರುವ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಣ್ಣಿಗೆ ಕಾಣದ ಆ ಜೀವದ ಹೆಸರು ‘ಜಿನ್’, ಟರ್ಕಿ ಭಾಷೆಯಲ್ಲಿ ಅದು ಬರವಣಿಗೆಯಲ್ಲಿ ಮೂರಕ್ಷರದ ಪದ. ಆ ಹೆಸರನ್ನು ಬಾಯಲ್ಲಿ ಆಡಿದರೆ ಕರೆದಂತಾಗುತ್ತದೆಂದು ಹಿರಿಯರು ‘ಉಚ್ ಹರ್ಫ್ಲಿಲೆರ್’, ಅಂದರೆ ‘ಮೂರಕ್ಷರದವರು’ ಎಂದು ಹೇಳಿ ಮುಂದೆ ಹೋಗುತ್ತಾರೆ. ರಾತ್ರಿ ಹೊತ್ತು ಹಾವನ್ನು ‘ಹುಳ’ ಎನ್ನುವ ನಮ್ಮ ಹಳ್ಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕತ್ತಲಲ್ಲಿ ಹೊರಗೆ ಬಿಸಿನೀರು ಚೆಲ್ಲುವ ಮುನ್ನ ‘ದೆಸ್ತೂರ್’ ಎಂದು ಅಪ್ಪಣೆ ಕೇಳುವುದು, ಅಂಜೂರದ ಮರದಡಿ ಮಲಗಬಾರದೆಂಬ ಎಚ್ಚರಿಕೆ, ಬಾಣಂತಿಯ ಕೋಣೆಯಲ್ಲಿ ಕೆಂಪು ಪಟ್ಟಿ ಕಟ್ಟುವುದು ಇವೆಲ್ಲ ಹಳ್ಳಿಗಳಿಂದ ನಗರದ ಫ್ಲಾಟುಗಳವರೆಗೂ ನಡೆದು ಬಂದಿವೆ. ‘ನನಗೆ ಅದರಲ್ಲೆಲ್ಲ ನಂಬಿಕೆಯಿಲ್ಲ’ ಎಂದು ಹೇಳುವ ಎಂಜಿನಿಯರಿಂಗ್ ವಿದ್ಯಾರ್ಥಿಯೂ ರಾತ್ರಿ ಹನ್ನೊಂದಕ್ಕೆ ಮಾತಾಡುವಾಗ ‘ಮೂರಕ್ಷರದವರು’ ಎಂದೇ ಹೇಳಿದ್ದನ್ನು ಕೇಳಿದ್ದೇನೆ. ತಮಾಷೆಗೆ ಹೇಳಿದೆ ಎಂದು ಆಮೇಲೆ ನಕ್ಕ. ಆದರೆ ಪದ ಬದಲಿಸಲಿಲ್ಲ.

ಕುರಾನಿನ ಪ್ರಕಾರ ಜಿನ್‌ಗಳು ಹೊಗೆಯಿಲ್ಲದ ಬೆಂಕಿಯಿಂದ ಆದವು. ಅವು ಮನುಷ್ಯನ ಕಣ್ಣಿಗೆ ಬೀಳುವುದಿಲ್ಲ. ಬೇಕೆಂದರೆ ನಾಯಿ, ಬೆಕ್ಕು, ಹಾವು ಅಥವಾ ನಿಮ್ಮ ಪರಿಚಯದ ಮನುಷ್ಯನ ರೂಪದಲ್ಲಿ ಬರಬಲ್ಲವು ಎಂಬುದು ಜನರ ನಂಬಿಕೆ. ಹಳ್ಳಿಯ ಕಥೆಗಳಲ್ಲಿ ಗುರುತು ಸಿಗುವುದು ಪಾದದಿಂದ, ಅದು ಹಿಂದುಮುಂದಾಗಿರುತ್ತದೆ, ನಮ್ಮ ಹುಣಸೆಮರದ ದೆವ್ವಗಳ ಹಾಗೆಯೇ. ಮೇಕಪ್ ಮಾಡುವವರಿಗೆ ಇದು ಎಂಥ ಇಕ್ಕಟ್ಟು ಎಂದು ಯೋಚಿಸಿ. ಫ್ರಾಂಕೆನ್‌ಸ್ಟೈನ್ ಸೃಷ್ಟಿಸಿದ ಪ್ರಾಣಿಯ ಚಪ್ಪಟೆ ತಲೆಯನ್ನು 1931ರಲ್ಲಿ ಜ್ಯಾಕ್ ಪಿಯರ್ಸ್ ಒಮ್ಮೆ ಮಾಡಿಟ್ಟ ಮೇಲೆ ಅದೇ ಜಗತ್ತಿಗೆಲ್ಲ ಮಾದರಿಯಾಯಿತು. ಜಿನ್‌ಗೆ ಅಂಥ ಒಪ್ಪಿತ ಮುಖವಿಲ್ಲ. ಮುಖವಿಲ್ಲದಿರುವುದೇ ಅದರ ಬಲ. ಅದಕ್ಕೆ ನೀವು ಕೊಂಬು, ಸುಕ್ಕು, ಕಪ್ಪು ಹಲ್ಲು ಇಟ್ಟ ಕ್ಷಣದಲ್ಲಿ ಪ್ರೇಕ್ಷಕನ ತಲೆಯೊಳಗಿದ್ದ ಅಸ್ಪಷ್ಟ ವಸ್ತುವನ್ನು ಕಿತ್ತು, ಅದರ ಜಾಗದಲ್ಲಿ ನಕಲಿ ಚರ್ಮ ಮಾಡುವ ನಿಮ್ಮ ಸಿಲಿಕೋನ್ ಇಟ್ಟಂತಾಗುತ್ತದೆ. ಆ ಸಿಲಿಕೋನ್ ಎಷ್ಟೇ ಚೆನ್ನಾಗಿರಲಿ, ವಿನಿಮಯದಲ್ಲಿ ಪ್ರೇಕ್ಷಕನಿಗೆ ನಷ್ಟವೇ.

ಇಂದಿನ ಯುವಜನರು ನೋಡುತ್ತಿರುವ ಹಾರರ್ ಅಲೆ ಬಹಳ ಹಳೆಯದಲ್ಲ. ಟರ್ಕಿಯಲ್ಲಿ ಈ ಬಗೆಯ ಸಿನಿಮಾ ಹಿಂದೆ ವಿರಳವಾಗಿತ್ತು. 2004ರಲ್ಲಿ ಒಂದು ಶಾಲೆಯ ಕಥೆ ಮತ್ತು ಒಂದು ಮಾಟದ ಕಥೆ ತೆರೆಗೆ ಬಂದ ಮೇಲೆ ಬಾಗಿಲು ತೆರೆಯಿತು. 2006ರಲ್ಲಿ ಹಸನ್ ಕರಾಜಾದಾ ಅವರ ‘ದಾಬ್ಬೆ’, 2007ರಲ್ಲಿ ಆಲ್ಪೆರ್ ಮೆಸ್ತ್ಚಿ ಅವರ ‘ಮುಸಲ್ಲತ್’, 2014ರಿಂದ ಅದೇ ಮೆಸ್ತ್ಚಿ ಅವರ ‘ಸಿಜ್ಜೀನ್’ ಸರಣಿ ಬಂದವು. ಈ ಹೆಸರುಗಳನ್ನು ಗಮನಿಸಿ. ದಾಬ್ಬೆ ಎಂದರೆ ಪ್ರಳಯದ ಮುನ್ನ ನೆಲದಿಂದ ಏಳುವುದೆಂದು ಹೇಳಲಾದ ಪ್ರಾಣಿ. ಸಿಜ್ಜೀನ್ ಎಂದರೆ ಪಾಪಿಗಳ ಲೆಕ್ಕ ಬರೆದಿಟ್ಟ ದಾಖಲೆ. ಎರಡೂ ಧರ್ಮಗ್ರಂಥದಿಂದ ಬಂದ ಪದಗಳು. ಪೋಸ್ಟರ್ ನೋಡಿದಾಗಲೇ ಪ್ರೇಕ್ಷಕನಿಗೆ ಇದು ಕಲ್ಪನೆಯ ಲೋಕದ್ದಲ್ಲ, ಶುಕ್ರವಾರದ ಪ್ರವಚನದ ಲೋಕದ್ದು ಎಂಬ ಸೂಚನೆ ಸಿಕ್ಕಿರುತ್ತದೆ. ಕಥೆಯೂ ಹೆಚ್ಚು ಕಡಿಮೆ ಒಂದೇ ಹಳಿಯ ಮೇಲೆ ಓಡುತ್ತದೆ: ಹತ್ತಿರದ ಸಂಬಂಧಿಯ ಹೊಟ್ಟೆಕಿಚ್ಚು, ಮಾಟ, ಹೊಸ್ತಿಲ ಕೆಳಗೆ ಹೂತಿಟ್ಟ ತಾಯತ, ಬಿಡಿಸಲು ಬರುವ ಹೋಜ ಎಂಬ ಧಾರ್ಮಿಕ ಗುರು, ಕೊನೆಗೆ ಯಾರೂ ಉಳಿಯದ ಮನೆ. ‘ಮುಸಲ್ಲತ್’ನಲ್ಲಿ ಜಿನ್ ಬರುವುದು ದುಡಿಯಲು ಜರ್ಮನಿಗೆ ಹೋದ ಗಂಡನ ರೂಪದಲ್ಲಿ. ಅಲ್ಲಿ ಅತಿ ಭಯಂಕರವಾದ ಮುಖ ಯಾವ ಮೇಕಪ್ಪೂ ಇಲ್ಲದ ಗಂಡನ ಮುಖವೇ. ಈ ಸಿನಿಮಾಗಳಲ್ಲಿ ನನಗೆ ಅದೇ ಹೆಚ್ಚು ಜಾಣತನದ್ದು ಎನಿಸಿದೆ.

ಈಗ ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇನೆ. ಇಸ್ತಾಂಬುಲ್‌ನ ಏಷ್ಯಾ ದಡದಲ್ಲಿರುವ ಕಡಿಕೊಯ್ ಎಂಬ ಬಡಾವಣೆಯ ಚಿತ್ರಮಂದಿರವೊಂದರಲ್ಲಿ, ಹೆಸರಿಸುವ ಅಗತ್ಯವಿಲ್ಲದ ಒಂದು ಜಿನ್ ಸಿನಿಮಾಕ್ಕೆ ಹೋಗಿದ್ದೆ. ನನ್ನ ಮುಂದಿನ ಸಾಲಿನಲ್ಲಿ ಕಾಲೇಜಿನ ಏಳೆಂಟು ಮಂದಿ ಕೂತಿದ್ದರು. ಮೊದಲರ್ಧದಲ್ಲಿ ಜಿನ್ ನೇರವಾಗಿ ತೋರಿಬಂತು. ಲ್ಯಾಟೆಕ್ಸಿನ ಪೂರ್ತಿ ಮುಖ, ಎರಡೂ ಕಣ್ಣಿಗೆ ಬಿಳಿ ಲೆನ್ಸ್, ಕೆನ್ನೆಯ ಮೇಲೆ ಕುಂಚದಲ್ಲಿ ಎಳೆದ ನೀಲಿ ನರಗಳು. ‘ಮುಖವಾಡ ಕಣ್ರೋ ಇದು’ ಎಂದು ಒಬ್ಬ ಹುಡುಗಿ ಪಿಸುಗುಟ್ಟಿದಳು, ಸಾಲಿಡೀ ಗೊಳ್ಳೆಂದಿತು. ಅಲ್ಲಿಯ ಚಿತ್ರಮಂದಿರಗಳಲ್ಲೂ ನಮ್ಮಲ್ಲಿಯ ಹಾಗೆ ಸಿನಿಮಾದ ನಡುವೆ ಇಂಟರ್‌ವಲ್ ಕೊಡುತ್ತಾರೆ, ಅದಕ್ಕೆ ‘ಆರಾ’ ಎನ್ನುತ್ತಾರೆ. ಆರಾದಲ್ಲಿ ಇಡೀ ಗುಂಪು ಆ ಮುಖವಾಡದ ಕುತ್ತಿಗೆಯ ಅಂಚಿನ ಬಗ್ಗೆಯೇ ಹಾಸ್ಯ ಮಾಡುತ್ತಿತ್ತು. ಎರಡನೆಯ ಅರ್ಧದಲ್ಲಿ ಒಂದು ಅಡುಗೆಮನೆಯ ದೃಶ್ಯ. ಒಲೆಯ ಮುಂದೆ ಬೆನ್ನು ಮಾಡಿ ನಿಂತಿದ್ದ ಅಜ್ಜಿ ಮೊಮ್ಮಗಳ ಕರೆಗೆ ನಿಧಾನವಾಗಿ ತಿರುಗುತ್ತಾಳೆ. ಅವಳ ಬಾಯಿಯ ಎಡ ಮೂಲೆ ಒಂದು ಬೆರಳಿನಷ್ಟು ಗದ್ದದ ಕಡೆಗೆ ಜಗ್ಗಿದೆ, ಆ ಬದಿಯ ಕಣ್ಣು ಮಿಟುಕುತ್ತಿಲ್ಲ. ಅಷ್ಟೇ. ರಕ್ತವಿಲ್ಲ, ಕಿರುಚಾಟವಿಲ್ಲ. ಮುಖವಾಡ ಎಂದಿದ್ದ ಹುಡುಗಿ ಎರಡೂ ಪಾದಗಳನ್ನು ನೆಲದಿಂದ ಎತ್ತಿ ಸೀಟಿನ ಮೇಲಿಟ್ಟುಕೊಂಡಳು. ಆ ಸಾಲಿನಿಂದ ಮತ್ತೆ ಮಾತು ಕೇಳಿಬಂದದ್ದು ದೀಪ ಹೊತ್ತಿದ ಮೇಲೆಯೇ.

ಹೊರಗೆ ಚಹಾದ ಅಂಗಡಿಯಲ್ಲಿ ಅವರನ್ನು ಮಾತಿಗೆಳೆದೆ. ಅದೂ ಮೇಕಪ್ಪೇ ಅಲ್ಲವೇ, ಮುಖವಾಡಕ್ಕಿಂತ ಅಗ್ಗದ ಮೇಕಪ್ಪು ಎಂದೆ. ‘ಗೊತ್ತು, ಆದರೆ ಬ್ರೆಡ್ಡು ನೆಲಕ್ಕೆ ಬಿದ್ದರೆ ನಮ್ಮಜ್ಜಿ ಹೇಳುತ್ತಿದ್ದದ್ದು ಅದನ್ನೇ’ ಎಂದಳು ಆ ಹುಡುಗಿ. ಆಗ ನನಗೆ ಅರ್ಥವಾಗಲಿಲ್ಲ. ಆಮೇಲೆ ಭಾಷೆ ಬಲ್ಲವರೊಬ್ಬರು ಬಿಡಿಸಿ ಹೇಳಿದರು. ಟರ್ಕಿಯಲ್ಲಿ ಬ್ರೆಡ್ಡಿಗೆ ಅನ್ನದ ಮರ್ಯಾದೆ. ಅದನ್ನು ತುಳಿದ ಮಗುವಿಗೆ, ಧರ್ಮಗ್ರಂಥಕ್ಕೆ ಅಗೌರವ ತೋರಿದ ಮಗುವಿಗೆ ಹಿರಿಯರು ‘ಚಾರ್ಪಿಲಿರ್ಸಿನ್’ ಎನ್ನುತ್ತಾರೆ. ಆ ಕ್ರಿಯಾಪದಕ್ಕೆ ‘ಹೊಡೆತ ತಿನ್ನುತ್ತೀಯೆ’ ಎಂದೂ ಅರ್ಥ, ‘ಸೊಟ್ಟಗಾಗುತ್ತೀಯೆ’ ಎಂದೂ ಅರ್ಥ. ಅದೇ ಧಾತುವಿನಿಂದ ಬಂದ ‘ಚಾರ್ಪಿಕ್’ ಎಂದರೆ ವಕ್ರ. ‘ಬ್ರೆಡ್ಡು, ಕುರಾನು ನನ್ನನ್ನು ಹೊಡೆಯಲಿ’ ಎಂಬುದು ಅಲ್ಲಿ ದಿನಬಳಕೆಯ ಆಣೆ. ಮುಖದ ಅರ್ಧ ಭಾಗಕ್ಕೆ ಪಾರ್ಶ್ವವಾಯು ಆದವರನ್ನು ಜಿನ್ ಹೊಡೆದಿದೆ ಎಂದು ಹಿಂದೆ ಹೇಳುತ್ತಿದ್ದರು. 2013ರಲ್ಲಿ ಬಂದ ದಾಬ್ಬೆ ಸರಣಿಯ ಸಿನಿಮಾಕ್ಕೆ ಉಪಶೀರ್ಷಿಕೆಯೇ ‘ಜಿನ್ ಹೊಡೆತ’ ಎಂದು. ಕನ್ನಡದಲ್ಲೂ ದೆವ್ವ ಬಡಿಯುತ್ತದೆ, ಗರ ಬಡಿಯುತ್ತದೆ, ಗಾಳಿ ಸೋಕುತ್ತದೆ. ಕ್ರಿಯಾಪದದ ಮಟ್ಟಿಗೆ ನಾವು ನೆಂಟರೇ. ಆದರೆ ನಮ್ಮ ‘ಬಡಿಯುವುದು’ ಮುಖಕ್ಕೆ ಇಂಥದೇ ಆಕಾರ ಎಂದು ನಿಗದಿ ಮಾಡುವುದಿಲ್ಲ, ಅವರದು ಮಾಡುತ್ತದೆ. ಅಲ್ಲಿನ ಪ್ರತಿ ಮಗುವೂ ಐದಾರು ವರ್ಷಕ್ಕೆಲ್ಲ ಸೊಟ್ಟ ಬಾಯಿಯ ಒಂದು ಚಿತ್ರವನ್ನು ತಲೆಯಲ್ಲಿ ಬರೆದುಕೊಂಡಿರುತ್ತದೆ. ಅಡುಗೆಮನೆಯ ದೃಶ್ಯದ ಮೇಕಪ್ ಮಾಡಿದವರು ಹೊಸದೇನನ್ನೂ ಮಾಡಲಿಲ್ಲ, ಆ ಚಿತ್ರಕ್ಕೆ ಒಂದು ಗೆರೆ ಹೊಂದಿಸಿದರು.

ಕಸುಬಿನ ಲೆಕ್ಕದಲ್ಲಿ ಈ ಎರಡು ಕೆಲಸಗಳ ನಡುವಿನ ಅಂತರ ನಿಮಗೆ ತಿಳಿದಿರಬೇಕು, ಏಕೆಂದರೆ ನೀವು ಕಂಡ ‘ಸಾಧಾರಣತೆ’ಯ ಅರ್ಧ ಕಾರಣ ಅಲ್ಲಿದೆ. ಬಾಯಿಯನ್ನು ಜಗ್ಗಿಸಲು ಪಾರದರ್ಶಕ ಟೇಪಿನ ಒಂದು ತುಂಡು, ಕೆನ್ನೆಯೊಳಗೆ ಕೂರುವ ಒಂದು ಸಣ್ಣ ಅಕ್ರಿಲಿಕ್ ಉಬ್ಬು, ಆ ಬದಿಯ ಚರ್ಮವನ್ನು ತುಸು ಮಂಕಾಗಿಸುವ ಬಣ್ಣ ಮತ್ತು ಮುಖದ ಸ್ನಾಯುಗಳ ಮೇಲೆ ಹಿಡಿತವಿರುವ ನಟಿ ಸಾಕು. ಅರ್ಧ ತಾಸಿನ ಕೆಲಸ. ಪೂರ್ತಿ ಮುಖದ ಸಿಲಿಕೋನ್ ಹಾಗಲ್ಲ. ನಟನ ಮುಖದ ಅಚ್ಚು ತೆಗೆಯಬೇಕು, ಅದರಿಂದ ಪ್ಲಾಸ್ಟರ್ ತಲೆ ಮಾಡಬೇಕು, ಅದರ ಮೇಲೆ ಜೇಡಿಯಲ್ಲಿ ರೂಪ ತಿದ್ದಬೇಕು, ಮತ್ತೆ ಅಚ್ಚು ಮಾಡಿ ಎರಡರ ನಡುವೆ ಸಿಲಿಕೋನ್ ಸುರಿಯಬೇಕು. ಅಂಚು ಕಾಗದಕ್ಕಿಂತ ತೆಳ್ಳಗೆ ಬಂದರೆ ಮಾತ್ರ ಅದು ಚರ್ಮದಲ್ಲಿ ಕರಗುತ್ತದೆ; ಹಚ್ಚಲು ಮೂರು ನಾಲ್ಕು ತಾಸು ಬೇಕು, ತೆಗೆಯುವಾಗ ಆ ಅಂಚು ಹರಿದೇ ಹೋಗುತ್ತದೆ. ಅಂದರೆ ಆ ಪಾತ್ರದ ಚಿತ್ರೀಕರಣ ಹತ್ತು ದಿನವಿದ್ದರೆ ಹತ್ತು ತುಣುಕುಗಳು ಬೇಕು. ಒಂದು ಸಣ್ಣ ಎಡವಟ್ಟಿಗೂ ಇದರಲ್ಲಿ ಕ್ಷಮೆಯಿಲ್ಲ. ಇಸ್ತಾಂಬುಲ್‌ನ ಒಂದು ಕಾರ್ಯಾಗಾರದಲ್ಲಿ ನಾನೇ ಒಮ್ಮೆ ಗಡಿಬಿಡಿಯಲ್ಲಿ ಲ್ಯಾಟೆಕ್ಸ್ ಕೈಗವಸು ಹಾಕಿಕೊಂಡು ಪ್ಲಾಟಿನಂ ಸಿಲಿಕೋನ್ ಕಲಸಿದ್ದೆ. ಲ್ಯಾಟೆಕ್ಸಿನಲ್ಲಿರುವ ಗಂಧಕ ಸೋಕಿದರೆ ಆ ಸಿಲಿಕೋನ್ ಗಟ್ಟಿಯಾಗುವುದಿಲ್ಲ ಎಂಬುದು ಪಾಠದ ಮೊದಲ ದಿನ ಹೇಳುವ ಮಾತು. ಮರುದಿನ ಅಚ್ಚು ಬಿಚ್ಚಿದಾಗ ಹಣೆಯಿಂದ ಮೂಗಿನವರೆಗೆ ಎಲ್ಲವೂ ಬೆಲ್ಲದ ಎಳೆಪಾಕದ ಹಾಗೆ ಅಂಟಂಟಾಗಿತ್ತು. ಜೊತೆಗಿದ್ದ ಹಿರಿಯ ಕೆಲಸಗಾರರು ಏನೂ ಅನ್ನಲಿಲ್ಲ, ಅದರ ಬೆಲೆಯನ್ನು ಮೊದಲು ಯೂರೋದಲ್ಲಿ, ಆಮೇಲೆ ಟರ್ಕಿಯ ಹಣವಾದ ಲೀರಾದಲ್ಲಿ ಒಂದು ಚೀಟಿಯ ಮೇಲೆ ಬರೆದು ನನ್ನ ಮುಂದಿಟ್ಟರು.

ಆ ಚೀಟಿಯೇ ಉಳಿದ ಕಥೆ ಹೇಳುತ್ತದೆ. ಒಳ್ಳೆಯ ಸಿಲಿಕೋನ್, ಅಂಟು, ಕಣ್ಣಿನ ಬಿಳಿಯನ್ನೂ ಮುಚ್ಚುವ ದೊಡ್ಡ ಲೆನ್ಸುಗಳು ಹೊರದೇಶದ ಹಣದ ದರಕ್ಕೆ ಸಿಗುವ ಸಾಮಗ್ರಿ. ಲೀರಾ ಕುಸಿದಂತೆಲ್ಲ ಅವು ದುಬಾರಿಯಾದವು. ಜಿನ್ ಸಿನಿಮಾಗಳಲ್ಲಿ ಹೆಚ್ಚಿನವು ಕಡಿಮೆ ಬಂಡವಾಳದಲ್ಲಿ, ಒಂದು ಹಳ್ಳಿಮನೆ ಮತ್ತು ಬೆರಳೆಣಿಕೆಯ ನಟರನ್ನಿಟ್ಟುಕೊಂಡು ಕೆಲವೇ ವಾರಗಳಲ್ಲಿ ಮುಗಿಸುವಂಥವು. ಹೀಗಾಗಿ ಸಿದ್ಧ ಮುಖವಾಡ, ಬಿಳಿ ಅಥವಾ ಪೂರ್ತಿ ಕಪ್ಪು ಕಣ್ಣು, ಒಡೆದ ತುಟಿ, ಮುಖದ ಮೇಲೆ ಇಳಿಬಿಟ್ಟ ಕೂದಲು ಎಂಬ ಒಂದು ಸಿದ್ಧಸೂತ್ರ ಹುಟ್ಟಿಕೊಂಡಿದೆ. ಯುವ ಪ್ರೇಕ್ಷಕರು ಇದನ್ನು ಬೆರಳು ಮಡಚಿ ಎಣಿಸಿ ಹೇಳುತ್ತಾರೆ. ಮೇಕಪ್ಪಿಗೆ ಬದಲು ಕಂಪ್ಯೂಟರಿನಲ್ಲಿ ಬಾಯಿ ಅಗಲಿಸಿದರೆ ಅವರ ತಾಳ್ಮೆ ಇನ್ನೂ ಬೇಗ ಮುಗಿಯುತ್ತದೆ. ಕೆಟ್ಟ ಲ್ಯಾಟೆಕ್ಸಿಗೆ ನಗು, ಕೆಟ್ಟ ಗ್ರಾಫಿಕ್ಸಿಗೆ ಸಿಟ್ಟು ಎಂಬುದು ನಾನು ಕಂಡ ವ್ಯತ್ಯಾಸ.

ಅವರ ಕಣ್ಣು ಚುರುಕು ಎಂದೆನಲ್ಲ, ಅದಕ್ಕೆ ಕಾರಣ ಅವರಲ್ಲಿ ಎಷ್ಟೋ ಮಂದಿ ಸ್ವತಃ ಕೈಯಾಡಿಸಿದವರು. ಸ್ಪೆಷಲ್ ಎಫೆಕ್ಟ್ ಮೇಕಪ್ಪಿಗೆ ಅಲ್ಲಿ ‘ಪ್ಲಾಸ್ಟಿಕ್ ಮಾಕ್ಯಾಜ್’ ಎನ್ನುತ್ತಾರೆ. ಟಿಶ್ಯೂ ಕಾಗದದ ಪದರಗಳ ಮೇಲೆ ದ್ರವ ಲ್ಯಾಟೆಕ್ಸ್ ಬಳಿದು, ಒಣಗಿದ ಮೇಲೆ ಕತ್ತರಿಯಿಂದ ಸೀಳಿ, ಸೀಳಿನೊಳಗೆ ಕಪ್ಪುಗೆಂಪು ತುಂಬಿ ಗಾಯ ಮಾಡುವ ವಿದ್ಯೆ ಹೈಸ್ಕೂಲಿನ ಹುಡುಗಿಯರಿಗೂ ಫೋನಿನಿಂದಲೇ ಬಂದಿದೆ. ಅಕ್ಟೋಬರ್ ಕೊನೆಯ ‘ಮಾಟಗಾತಿಯರ ಹಬ್ಬ’ ಅವರ ಸಂಪ್ರದಾಯದ್ದಲ್ಲ, ಆದರೂ ದೊಡ್ಡ ನಗರಗಳ ಯುವಕರು ಅದನ್ನು ಮುಖಕ್ಕೆ ಗಾಯ ಬರೆದುಕೊಳ್ಳುವ ನೆಪವಾಗಿ ಬಳಸಿಕೊಳ್ಳುತ್ತಾರೆ. ಹೀಗಾಗಿ ತೆರೆಯ ಮೇಲೆ ಸೀಳಿದ ಕುತ್ತಿಗೆ ಕಂಡರೆ ಅವರು ಅದನ್ನು ಕೈಚಳಕವಾಗಿ ನೋಡುತ್ತಾರೆ. ಚೆನ್ನಾಗಿದ್ದರೆ ‘ಎಲಿನೆ ಸಾಲಿಕ್’ ಎನ್ನುತ್ತಾರೆ. ‘ನಿನ್ನ ಕೈಗೆ ಆರೋಗ್ಯವಿರಲಿ’ ಎಂಬ ಆ ಮಾತನ್ನು ಅಡುಗೆ ಮಾಡಿದವರಿಗೆ, ಹೆಣಿಗೆ ಹಾಕಿದವರಿಗೆ ಹೇಳುವುದು ವಾಡಿಕೆ. ಮೇಕಪ್ ಮಾಡಿದವರಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ ಎಂದು ನಿಮಗನಿಸಬಹುದು. ಆದರೆ ಕೈ ನೆನಪಾಯಿತೆಂದರೆ ಭಯ ಮುಗಿಯಿತೆಂದೇ ಲೆಕ್ಕ. ಸೊಟ್ಟ ಬಾಯಿಯ ಅಜ್ಜಿಗೆ ಯಾರೂ ‘ಎಲಿನೆ ಸಾಲಿಕ್’ ಅನ್ನಲಿಲ್ಲ.

ಇದಕ್ಕೆ ಎದುರು ಸಾಕ್ಷಿಯೆಂದು ನೀವು ‘ಬಸ್ಕಿನ್’ ಸಿನಿಮಾವನ್ನು ಮುಂದಿಡಬಹುದು, ಅದು ನ್ಯಾಯವೂ ಹೌದು. ಜಾನ್ ಎವ್ರೆನೋಲ್ 2013ರಲ್ಲಿ ಮಾಡಿದ ತಮ್ಮದೇ ಕಿರುಚಿತ್ರವನ್ನು ಹಿಗ್ಗಿಸಿ 2015ರಲ್ಲಿ ತೆರೆಗೆ ತಂದ ಈ ಸಿನಿಮಾದಲ್ಲಿ ಪೊಲೀಸರ ತಂಡವೊಂದು ಪಾಳುಬಿದ್ದ ಕಟ್ಟಡದೊಳಗೆ ಇಳಿಯುತ್ತಾ ನರಕವನ್ನೇ ಹೊಕ್ಕುತ್ತದೆ. ಮಾಂಸ, ರಕ್ತ, ಕರುಳು ಯಾವುದಕ್ಕೂ ಕೊರತೆಯಿಲ್ಲ. ಟೊರೊಂಟೊ ಚಿತ್ರೋತ್ಸವದ ನಡುರಾತ್ರಿಯ ವಿಭಾಗಕ್ಕೆ ಹೋಗಿ ಹೆಸರು ಮಾಡಿತು. ಅದರ ಖಳನಾಯಕ ‘ಬಾಬಾ’ನ ಮುಖ ನೋಡಿ ಇಷ್ಟು ಅದ್ಭುತವಾದ ಮೇಕಪ್ ಯಾರದು ಎಂದು ಕೇಳದ ಪ್ರೇಕ್ಷಕರು ಕಡಿಮೆ. ಅದು ಅಂಟಿಸಿದ ಮುಖವಲ್ಲ. ಆ ಪಾತ್ರ ಮಾಡಿದ ಮೆಹ್ಮೆತ್ ಜೆರ್ರಾಹೋಲು ಅವರಿಗೆ ಅಪರೂಪದ ಚರ್ಮದ ಸ್ಥಿತಿಯೊಂದು ಇದೆ, ಮುಖ ಅವರದೇ. ಇದು ತಿಳಿದಾಗ ಯುವ ಪ್ರೇಕ್ಷಕರಲ್ಲಿ ಕಾಣುವ ಮುಜುಗರ ಗಮನಿಸುವಂಥದು. ಮೇಕಪ್ ಎಂದುಕೊಂಡು ನಿರ್ಭಯವಾಗಿ ಮೆಚ್ಚಿದ್ದ ಅದೇ ಮುಖ, ಮನುಷ್ಯನದು ಎಂದೊಡನೆ ಬೇರೆ ಪ್ರಶ್ನೆ ಕೇಳುತ್ತದೆ: ನಾನು ಹೆದರಿದ್ದು ಪಾತ್ರಕ್ಕೋ, ಒಬ್ಬ ವ್ಯಕ್ತಿಯ ದೇಹಕ್ಕೋ? ಆ ಪ್ರಶ್ನೆಗೆ ಅವರಲ್ಲಿ ಸುಲಭದ ಉತ್ತರವಿಲ್ಲ, ನನ್ನಲ್ಲೂ ಇಲ್ಲ. ಆದರೆ ಆ ನಟನ ಅಭಿನಯ ಮುಖವನ್ನು ಮೀರಿದ್ದು ಎಂಬುದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ಅವರ ದನಿಯ ನಿಧಾನ ನನಗೆ ಮುಖಕ್ಕಿಂತ ಹೆಚ್ಚು ನೆನಪಿನಲ್ಲಿದೆ.

ಎರಡು ಬಗೆಯ ಸಿನಿಮಾಗಳು ಗಡಿ ದಾಟಿ ಎಲ್ಲಿಗೆ ಹೋದವು ಎಂಬುದೂ ಅರ್ಥಪೂರ್ಣ. ‘ಬಸ್ಕಿನ್’ ಅನ್ನು ಕೈಬೀಸಿ ಕರೆದದ್ದು ಪಶ್ಚಿಮದ ಹಾರರ್ ರಸಿಕರು. ಮಾಂಸದ ಭಾಷೆಗೆ ಅನುವಾದ ಬೇಕಿಲ್ಲ. ದೇಶದೊಳಗೆ ಅದಕ್ಕೆ ಸಿಜ್ಜೀನ್ ಸರಣಿಯಷ್ಟು ಜನ ಬರಲಿಲ್ಲ. ಸಿಜ್ಜೀನ್ ಹೋದದ್ದು ಪೂರ್ವಕ್ಕೆ: ಇಂಡೋನೇಷ್ಯಾದಲ್ಲಿ 2023ರಲ್ಲಿ ಅದರ ಕಥೆಯನ್ನೇ ಇಟ್ಟುಕೊಂಡು ಅವರ ಭಾಷೆಯ ಸಿನಿಮಾ ಮಾಡಿದರು. ಮೆಚ್ಚಿದ್ದು ಮೇಕಪ್ಪನ್ನಾಗಿದ್ದರೆ ಹೊಸ ಮುಖಗಳಿಗೆ ಹೊಸದಾಗಿ ಬಣ್ಣ ಹಚ್ಚುವ ಅಗತ್ಯವಿರಲಿಲ್ಲ. ಅವರಿಗೆ ಬೇಕಾದದ್ದು ಮಾಟ, ಸಂಬಂಧಿಯ ಕೇಡು ಮತ್ತು ಕಾಣದ ಜೀವದ ಕಥೆ, ಏಕೆಂದರೆ ಅದರ ನಂಬಿಕೆ ಅಲ್ಲಿ ಮೊದಲೇ ಇತ್ತು.

ಹಳೆಯ ಸಿನಿಮಾಗಳ ವಿಷಯಕ್ಕೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. 1953ರಲ್ಲೇ ಇಸ್ತಾಂಬುಲ್‌ಗೆ ಬಂದಿಳಿದ ಡ್ರಾಕುಲಾನ ಕಥೆಯೊಂದು ತೆರೆ ಕಂಡಿತ್ತು. ಆತಿಫ್ ಕಪ್ತಾನ್ ಅವರ ಬೋಳುತಲೆ ಮತ್ತು ಎದ್ದು ಕಾಣುವ ಕೋರೆಹಲ್ಲು ಆ ಕಾಲಕ್ಕೆ ದೊಡ್ಡ ಸಾಹಸ. ಶಿಲುಬೆಯ ಬದಲು ಅಲ್ಲಿ ಬೆಳ್ಳುಳ್ಳಿಯೇ ಎಲ್ಲ ಕೆಲಸ ಮಾಡುತ್ತದೆ. ಮಂಜು ತೋರಿಸಲು ಕೆಲಸಗಾರರನ್ನೆಲ್ಲ ಬಗ್ಗಿ ಕೂರಿಸಿ ಸಿಗರೇಟು ಸೇದಿಸಿದರು ಎಂಬ ಕಥೆಯನ್ನು ಅಲ್ಲಿನ ಸಿನಿಮಾ ಮಂದಿ ಇಂದಿಗೂ ಹೇಳುತ್ತಾರೆ. ಟೀವಿಯಲ್ಲಿ ಸಿಗರೇಟು ಕಂಡರೆ ಅದರ ಮೇಲೆ ಮಸುಕು ಬಳಿಯುವ ಕಾನೂನಿನಡಿ ಬೆಳೆದ ಇಂದಿನ ಹುಡುಗರಿಗೆ ಇದಕ್ಕಿಂತ ಮೋಜಿನ ಸಂಗತಿ ಇನ್ನೊಂದಿಲ್ಲ. 1974ರಲ್ಲಿ ಮೆತಿನ್ ಎರ್ಕ್ಸಾನ್ ಅವರು ಹಿಂದಿನ ವರ್ಷದ ಅಮೆರಿಕದ ಹೆಸರಾಂತ ದೆವ್ವಬಿಡಿಸುವ ಸಿನಿಮಾ ‘ದಿ ಎಕ್ಸಾರ್ಸಿಸ್ಟ್’ ಅನ್ನು ‘ಶೇತಾನ್’ ಎಂದು ಮರುನಿರ್ಮಿಸಿದರು. ನಮ್ಮ ‘ಸೈತಾನ’ನೇ ಅವನು. ಪಾದ್ರಿ ಹೋಗಿ ಇಸ್ಲಾಮಿನ ಮಂತ್ರಗಳು ಬಂದವು, ಆದರೆ ಹುಡುಗಿಯ ಮುಖದ ಮೇಲಿನ ಗಾಯಗಳು ಅಲ್ಲಿನವೇ ನಕಲು. ಯುವಜನರು ಇದನ್ನು ಗುಂಪುಕಟ್ಟಿಕೊಂಡು ನೋಡಿ ನಗುತ್ತಾರೆ. ಪ್ರೀತಿಯ ನಗು ಅದು, ಹೆದರಿಕೆಯ ಲವಲೇಶವೂ ಇಲ್ಲ. ಎರವಲು ಮುಖ ಎಂದು ಐವತ್ತು ವರ್ಷದ ನಂತರವೂ ಗುರುತು ಸಿಗುತ್ತದೆ.

ಇಷ್ಟೆಲ್ಲ ಹೇಳಿದರೂ ‘ಟರ್ಕಿಯ ಯುವಜನ’ ಎಂಬುದು ಒಂದೇ ಮುದ್ದೆಯಲ್ಲ ಎಂಬ ಎಚ್ಚರ ಇರಲಿ. ತೆರೆಯ ಮೇಲೆ ಧರ್ಮಗ್ರಂಥದ ಸಾಲುಗಳನ್ನು ಭಯಕ್ಕೆ ಬಳಸುವುದೇ ತಪ್ಪು ಎಂದು ಇಂಥ ಸಿನಿಮಾಕ್ಕೆ ಕಾಲಿಡದ ಹುಡುಗರಿದ್ದಾರೆ. ಅದೇ ಸಾಲುಗಳು ಕೇಳಿದಾಗ ಕತ್ತಲಲ್ಲಿ ತುಟಿಯಲ್ಲೇ ಪ್ರಾರ್ಥನೆ ಹೇಳಿಕೊಂಡು ಸಿನಿಮಾ ಮುಂದುವರಿಸುವವರೂ ಇದ್ದಾರೆ. ಇಂಥ ಮನೆಗಳಿಂದ ದೂರ ಬೆಳೆದು, ಜಿನ್ ಸಿನಿಮಾವನ್ನು ಕೇವಲ ಹಾಸ್ಯವಾಗಿ ನೋಡುವವರು ಇಜ್ಮಿರ್‌ನಂಥ ಕರಾವಳಿ ನಗರಗಳಲ್ಲಷ್ಟೇ ಅಲ್ಲ, ಎಲ್ಲೆಡೆಯೂ ಸಿಗುತ್ತಾರೆ. ಹುಡುಗಿಯರಿಂದ ನಾನು ಪದೇಪದೇ ಕೇಳಿದ ದೂರು ಬೇರೆಯದೇ: ಮಾಟ ಮಾಡುವವಳೂ ಹೆಣ್ಣು, ಮೈಮೇಲೆ ಬರುವುದೂ ಹೆಣ್ಣಿಗೇ, ಆದ್ದರಿಂದ ವಿಕಾರದ ಮೇಕಪ್ಪೆಲ್ಲ ಹೆಣ್ಣಿನ ಮುಖಕ್ಕೇ. ಗಂಡಸಿಗೆ ಹೆಚ್ಚೆಂದರೆ ಹಣೆಯಲ್ಲೊಂದು ಗಾಯ. ನೀವು ನೋಡಿದ ಸಿನಿಮಾಗಳನ್ನು ನೆನಪು ಮಾಡಿಕೊಂಡು ಎಣಿಸಿ ನೋಡಿ, ಆ ದೂರಿನಲ್ಲಿ ಹುರುಳಿದೆ.

ಇನ್ನು ನಿಮ್ಮ ಪ್ರಶ್ನಾವಳಿ. ಮೊದಲ ಪ್ರಶ್ನೆಯಲ್ಲೇ ಮೇಕಪ್ ಎಂಬ ಪದ ಬಂದರೆ ಉತ್ತರಿಸುವವರು ಅಂಚು ಹುಡುಕುವ ಕಣ್ಣನ್ನು ಹಾಕಿಕೊಂಡುಬಿಡುತ್ತಾರೆ. ಆದ್ದರಿಂದ ಯಾವ ಮುಖ ರಾತ್ರಿ ಮಲಗುವಾಗ ನೆನಪಾಯಿತು ಎಂದು ಮೊದಲು ಕೇಳಿ, ಆ ಮುಖವನ್ನು ಹೇಗೆ ಮಾಡಿರಬಹುದೆಂದು ಆಮೇಲೆ ಕೇಳಿ. ಪದದ ಆಯ್ಕೆಯಲ್ಲೂ ಜೋಪಾನ: ಬರೀ ‘ಮಾಕ್ಯಾಜ್’ ಎಂದರೆ ತುಟಿಯ ಬಣ್ಣ, ಕಾಡಿಗೆ ಎಂದುಕೊಳ್ಳುತ್ತಾರೆ, ‘ಎಫೆಕ್ಟ್’ ಎಂದರೆ ಕಂಪ್ಯೂಟರ್ ಎಂದುಕೊಳ್ಳುತ್ತಾರೆ, ‘ಪ್ಲಾಸ್ಟಿಕ್ ಮಾಕ್ಯಾಜ್’ ಎಂದೇ ಬರೆಯಬೇಕು. ‘ಹೆದರಿದಿರಾ’ ಎಂಬ ಒಂದೇ ಪ್ರಶ್ನೆಯಲ್ಲಿ ಮೂರು ಬೇರೆ ಅನುಭವಗಳನ್ನು ತುಂಬಬೇಡಿ. ‘ಕೊರ್ಕು’ ಎಂದರೆ ಹೆದರಿಕೆ, ‘ಉರ್ಪೆರ್ತಿ’ ಎಂದರೆ ಮೈ ಜುಮ್ಮೆನ್ನುವುದು, ‘ತಿಕ್ಸಿಂತಿ’ ಎಂದರೆ ಹೇಸಿಗೆ. ಸೀಳಿದ ಕುತ್ತಿಗೆ ಹೇಸಿಗೆ ತರುತ್ತದೆ, ತಿರುಗಿದ ಅಜ್ಜಿ ಜುಮ್ಮೆನಿಸುತ್ತಾಳೆ. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ನಿಮ್ಮ ಕೈಗೆ ಏನೂ ಸಿಗುವುದಿಲ್ಲ. ಭಯದ ಗಳಿಗೆಯಲ್ಲಿ ಕಣ್ಣು ಮುಚ್ಚಿಕೊಂಡಿರೋ ಕಿವಿ ಮುಚ್ಚಿಕೊಂಡಿರೋ ಎಂದೂ ಕೇಳಿ. ಈ ಸಿನಿಮಾಗಳಲ್ಲಿ ಮೇಕಪ್ಪಿನ ಲೆಕ್ಕಕ್ಕೆ ಜಮಾ ಆಗಿರುವ ಭಯದಲ್ಲಿ ದೊಡ್ಡ ಪಾಲು ಶಬ್ದದ್ದು ಎಂಬ ಅನುಮಾನ ನನಗಿದೆ.

ಕಾಣದ ಮೇಕಪ್ಪಿನ ಬಗ್ಗೆಯೂ ಒಂದು ಪ್ರಶ್ನೆ ಇರಲಿ. 1973ರ ಆ ಅಮೆರಿಕದ ಸಿನಿಮಾದಲ್ಲಿ ಮುದಿ ಪಾದ್ರಿಯಾಗಿ ಕಾಣಿಸಿಕೊಂಡ ಮ್ಯಾಕ್ಸ್ ಫಾನ್ ಸೀಡೋ ಅವರಿಗೆ ಆಗಿನ್ನೂ ನಲವತ್ತನಾಲ್ಕರ ಆಸುಪಾಸು. ಡಿಕ್ ಸ್ಮಿತ್ ಅವರು ಹಚ್ಚಿದ ಮುಪ್ಪನ್ನು ಎಷ್ಟು ಮಂದಿ ನಿಜವೆಂದೇ ನಂಬಿದರೆಂದರೆ ಅದು ಮೇಕಪ್ ಎಂದು ಅವರಿಗೆ ಹೊಳೆಯಲೇ ಇಲ್ಲ. ಹುಡುಗಿಯ ಹಸಿರು ಮುಖವನ್ನಷ್ಟೇ ಮೇಕಪ್ ಎಂದು ಹೇಳುವವರಿಗೆ ಪಾದ್ರಿಯ ಚಿತ್ರ ತೋರಿಸಿ, ವಯಸ್ಸೆಷ್ಟು ಎಂದು ಕೇಳಿ. ಸಿನಿಮಾ ವಿದ್ಯಾರ್ಥಿಗಳನ್ನು ಮಾತ್ರ ಮಾತಾಡಿಸಿದರೆ ‘ಬಸ್ಕಿನ್’ ಮೆಚ್ಚುವವರೇ ಸಿಗುತ್ತಾರೆ. ಶನಿವಾರ ಸಂಜೆ ಮಾಲಿಗೆ ಬರುವ ಐಟಿಐ ಬಗೆಯ ಶಾಲೆಗಳ ಹುಡುಗರನ್ನೂ ಸೇರಿಸಿಕೊಳ್ಳಿ, ಜಿನ್ ಸಿನಿಮಾಗಳ ನಿಜವಾದ ಪೋಷಕರು ಅವರು. ಮನೆಯಲ್ಲಿ ಅಜ್ಜಿಯೊಡನೆ ಬೆಳೆದಿರಾ ಎಂಬುದನ್ನು ವಯಸ್ಸು, ಊರುಗಳ ಜೊತೆಗೇ ಕೇಳಿಬಿಡಿ. ಕೊನೆಯದಾಗಿ, ಆ ಜೀವದ ಹೆಸರನ್ನು ನೀವು ಪ್ರಶ್ನಾವಳಿಯಲ್ಲಿ ಎಲ್ಲಿಯೂ ಬರೆಯಬೇಡಿ. ಅದು ಬರಬೇಕಾದ ಕಡೆ ಒಂದು ಖಾಲಿ ಗೆರೆ ಬಿಡಿ. ಎಷ್ಟು ಮಂದಿ ಮೂರಕ್ಷರಗಳನ್ನು ಬರೆದರು, ಎಷ್ಟು ಮಂದಿ ‘ಮೂರಕ್ಷರದವರು’ ಎಂದು ಬರೆದರು, ಅವರು ಉತ್ತರಿಸಿದ್ದು ದಿನದ ಯಾವ ಹೊತ್ತಿನಲ್ಲಿ ಎಂಬುದನ್ನು ಎಣಿಸಿ, ಆ ಎಣಿಕೆಯನ್ನು ಮೇಕಪ್ಪಿನ ಉತ್ತರಗಳ ಪಕ್ಕದಲ್ಲಿಟ್ಟು ಓದಿ.